ನಿಂತ ಗೆರೆ, ನಡೆದುಹೋದ ಜನ

2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ ಒಂದೇ ದಿನದಲ್ಲಿ ದೇಶಕ್ಕೆಲ್ಲ ಪರಿಚಯವಾಯಿತು. ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರು ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ. ಇವತ್ತಿಗೂ ಮತದಾನ ಜಾಗೃತಿಯ ಭಾಷಣಗಳಲ್ಲಿ ಈ ಮಾತು ಬರುತ್ತದೆ: ನಿಮ್ಮ ಒಂದು ಮತಕ್ಕೆ ಎಷ್ಟು ಬೆಲೆ ನೋಡಿ. ಆದರೆ ಆ ಕಥೆಯ ಉಳಿದರ್ಧವನ್ನು ಹೇಳುವವರು ಕಡಿಮೆ. ನಾಲ್ಕೇ ವರ್ಷದಲ್ಲಿ, 2008ರ ಚುನಾವಣೆಯ ಹೊತ್ತಿಗೆ, ಸಂತೇಮರಹಳ್ಳಿ ಎಂಬ ಕ್ಷೇತ್ರವೇ ಇರಲಿಲ್ಲ. ಯಳಂದೂರು, ಸಂತೇಮರಹಳ್ಳಿ ಭಾಗವೆಲ್ಲ ಕೊಳ್ಳೇಗಾಲ ಕ್ಷೇತ್ರದ ಪಾಲಾಯಿತು. ಒಂದು ಮತಕ್ಕೆ ಎಷ್ಟು ಬೆಲೆ ಎಂಬುದು ಮತಗಟ್ಟೆಯಲ್ಲಿ ತೀರ್ಮಾನವಾಗುವುದಕ್ಕೆ ಬಹಳ ಮೊದಲೇ, ನಕಾಶೆಯ ಮೇಲೆ ಗೆರೆ ಎಳೆಯುವಾಗಲೇ ಅರ್ಧ ತೀರ್ಮಾನವಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕ್ಷೇತ್ರ ಪುನರ್‌ವಿಂಗಡಣೆ ಎಂದರೆ ಈಚಿನ ವರ್ಷಗಳಲ್ಲಿ ನಮಗೆ ನೆನಪಾಗುವುದು ಲೋಕಸಭೆ ಮಾತ್ರ. ಉತ್ತರದ ರಾಜ್ಯಗಳಿಗೆ ಎಷ್ಟು ಸ್ಥಾನ ಹೆಚ್ಚುತ್ತದೆ, ದಕ್ಷಿಣಕ್ಕೆ ಎಷ್ಟು ನಷ್ಟ, ಕರ್ನಾಟಕದ 28 ಎಷ್ಟಾಗುತ್ತದೆ ಎಂಬ ಚರ್ಚೆ ಪಕ್ಷಭೇದವಿಲ್ಲದೆ ನಡೆದಿದೆ. ಅದು ನಡೆಯಲೇಬೇಕಾದ ಚರ್ಚೆ. ಆದರೆ ಆ ಗದ್ದಲದಲ್ಲಿ ನಮ್ಮದೇ ವಿಧಾನಸಭೆಯ 224 ಕ್ಷೇತ್ರಗಳ ಮಾತು ಕೇಳಿಸುತ್ತಲೇ ಇಲ್ಲ. ಪಡಿತರ ಅಂಗಡಿ, ಹಳ್ಳಿಯ ರಸ್ತೆ, ಕೆರೆ, ವಸತಿ ಶಾಲೆ, ಆಶ್ರಯ ಮನೆಯ ಪಟ್ಟಿ ಇವೆಲ್ಲ ಶಾಸಕರ ಸುತ್ತಲೇ ತಿರುಗುವ ರಾಜ್ಯದಲ್ಲಿ, ಯಾವ ಊರು ಯಾವ ಕ್ಷೇತ್ರಕ್ಕೆ ಎಂಬುದು ಜನರ ದಿನನಿತ್ಯವನ್ನು ತಟ್ಟುವ ಪ್ರಶ್ನೆ. ಈ ಲೇಖನದ ವಾದ ಇಷ್ಟೇ: ಗೆರೆಯನ್ನು ಕದಲಿಸದೆ ಇಡುವುದು ತಟಸ್ಥ ನಿಲುವಲ್ಲ, ಅದೂ ಒಂದು ಪಕ್ಷಪಾತವೇ. ರಾಜ್ಯದೊಳಗಿನ ಕ್ಷೇತ್ರಗಳ ಗಡಿ ಪ್ರತಿ ಜನಗಣತಿಯ ನಂತರವೂ ಜನಸಂಖ್ಯೆಗೆ ತಕ್ಕಂತೆ ಬದಲಾಗಬೇಕು, ಬದಲಾದ ಒಂದೊಂದು ಗೆರೆಗೂ ಬರಹದಲ್ಲಿ ಕಾರಣ ಇರಬೇಕು.

ಮೊದಲು ಲೆಕ್ಕ ನೋಡೋಣ. ಈಗಿನ ಗಡಿಗಳನ್ನು ಹಾಕಿದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ, 2002ರ ಪುನರ್‌ವಿಂಗಡಣಾ ಕಾಯ್ದೆಯಡಿ, 2001ರ ಜನಗಣತಿಯ ಆಧಾರದ ಮೇಲೆ. ಆ ಗಡಿಗಳಲ್ಲಿ ನಡೆದ ದೇಶದ ಮೊದಲ ವಿಧಾನಸಭಾ ಚುನಾವಣೆಯೇ 2008ರ ಕರ್ನಾಟಕ ಚುನಾವಣೆ. 2001ರಲ್ಲಿ ರಾಜ್ಯದ ಜನಸಂಖ್ಯೆ 5.28 ಕೋಟಿ, ಅಂದರೆ ಕ್ಷೇತ್ರವೊಂದಕ್ಕೆ ಸರಾಸರಿ 2.36 ಲಕ್ಷ ಜನ. ಬೆಂಗಳೂರು ನಗರ ಜಿಲ್ಲೆಯ 65.37 ಲಕ್ಷ ಜನರಿಗೆ 28 ಸ್ಥಾನ ಬಂತು, ಚಿಕ್ಕಮಗಳೂರು ಜಿಲ್ಲೆಯ 11.41 ಲಕ್ಷ ಜನರಿಗೆ 5. ಭಾಗಿಸಿ ನೋಡಿದರೆ ಎರಡೂ ಕಡೆ ಕ್ಷೇತ್ರಕ್ಕೆ 2.3 ಲಕ್ಷದ ಆಸುಪಾಸು. ತಕ್ಕಡಿ ಸಮನಾಗಿತ್ತು. ಹತ್ತೇ ವರ್ಷ ಕಳೆದು 2011ರ ಜನಗಣತಿ ಬಂತು. ಬೆಂಗಳೂರು ನಗರ ಜಿಲ್ಲೆ 96.22 ಲಕ್ಷಕ್ಕೆ ಏರಿತ್ತು, ಚಿಕ್ಕಮಗಳೂರು 11.38 ಲಕ್ಷಕ್ಕೆ ಇಳಿದಿತ್ತು. ಈಗ ಬೆಂಗಳೂರಿನ ಕ್ಷೇತ್ರಕ್ಕೆ ಸರಾಸರಿ 3.44 ಲಕ್ಷ ಜನ, ಚಿಕ್ಕಮಗಳೂರಿನದಕ್ಕೆ 2.28 ಲಕ್ಷ. ಯಾರೂ ಒಂದು ಗೆರೆಯನ್ನೂ ಮುಟ್ಟಲಿಲ್ಲ. ಆದರೂ ಮೂಡಿಗೆರೆಯಲ್ಲಿರುವ ಒಬ್ಬರ ಮತ ಬೆಂಗಳೂರಿನ ಒಂದೂವರೆ ಮತದಷ್ಟು ತೂಗತೊಡಗಿತು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲೇ ಇಲ್ಲ, ಅಂತರವಂತೂ ಬೆಳೆಯುತ್ತಲೇ ಹೋಯಿತು. 2023ರ ಚುನಾವಣೆಯಲ್ಲಿ ಮಹದೇವಪುರ, ಬೆಂಗಳೂರು ದಕ್ಷಿಣ ಕ್ಷೇತ್ರಗಳ ಮತದಾರರ ಪಟ್ಟಿ ಐದು ಲಕ್ಷ ದಾಟಿತ್ತು, ಶೃಂಗೇರಿಯದು ಎರಡು ಲಕ್ಷವನ್ನೂ ಮುಟ್ಟಿರಲಿಲ್ಲ. ರಾಜ್ಯದ ಉದ್ದಗಲಕ್ಕೂ ಜನಸಂಖ್ಯೆಗೂ ಕ್ಷೇತ್ರಕ್ಕೂ ಇರುವ ಅನುಪಾತ ಸಾಧ್ಯವಾದಮಟ್ಟಿಗೆ ಒಂದೇ ಆಗಿರಬೇಕು ಎನ್ನುತ್ತದೆ ಸಂವಿಧಾನದ 170ನೇ ವಿಧಿ. ಈ ಅಂಕಿಗಳ ಮುಂದೆ ಆ ಮಾತು ಬರೀ ಶುಭಾಶಯದಂತೆ ಕೇಳಿಸುತ್ತದೆ.

ಇದು ಬೆಂಗಳೂರಿನವರ ದೂರು ಮಾತ್ರ ಎಂದು ತಳ್ಳಿಹಾಕುವ ಹಾಗಿಲ್ಲ. ಗಡಿ ಹೆಪ್ಪುಗಟ್ಟಿದಾಗ ಅತಿ ಹೆಚ್ಚು ಕಳೆದುಕೊಂಡವರು ಈ ರಾಜ್ಯದ ಪರಿಶಿಷ್ಟ ಪಂಗಡದ ಜನ. 1976ರ 42ನೇ ತಿದ್ದುಪಡಿ 1971ರ ಜನಗಣತಿಯ ಅಂಕಿಗಳನ್ನೇ 2000ದವರೆಗೆ ಕಟ್ಟಿಹಾಕಿತು. ಆ ಅಂಕಿಗಳ ಪ್ರಕಾರ ನಮ್ಮ ವಿಧಾನಸಭೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಿದ್ದದ್ದು ಎರಡೇ ಸ್ಥಾನ. ಆದರೆ 1991ರ ಜನಗಣತಿಯ ಹೊತ್ತಿಗೆ ರಾಜ್ಯದಲ್ಲಿ ಅವರ ಪಾಲು ಶೇ 4.26 ಇತ್ತು. ಅದೇ ವರ್ಷ ಸಂಸತ್ತು ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸ್ಪಷ್ಟವಾಗಿ ಸೇರಿಸಿತು. 2001ರಲ್ಲಿ ಪಾಲು ಶೇ 6.55 ಆಯಿತು. ಮೀಸಲು ಸ್ಥಾನ ಜನಸಂಖ್ಯೆಯ ಅನುಪಾತಕ್ಕೆ ಆದಷ್ಟು ಹತ್ತಿರವಿರಬೇಕು ಎಂದು ಸಂವಿಧಾನ ಹೇಳಿದ್ದರೂ 1994, 1999, 2004ರ ಮೂರೂ ಚುನಾವಣೆಗಳು ಎರಡೇ ಮೀಸಲು ಸ್ಥಾನಗಳಲ್ಲಿ ಮುಗಿದುಹೋದವು. 2008ರಲ್ಲಿ ಗಡಿ ಬದಲಾದಾಗ ಆ ಎರಡು ಒಮ್ಮೆಗೇ 15 ಆಯಿತು, ಪರಿಶಿಷ್ಟ ಜಾತಿಯ 33 ಸ್ಥಾನ 36ಕ್ಕೇರಿತು. ಎರಡರಿಂದ ಹದಿನೈದಕ್ಕೆ ಹಾರಿದ ಈ ಜಿಗಿತವನ್ನು ಔದಾರ್ಯ ಎನ್ನಲಾಗದು. ವರ್ಷಗಟ್ಟಲೆ ತಡೆಹಿಡಿದಿದ್ದ ಬಾಕಿಯನ್ನು ಬಡ್ಡಿಯಿಲ್ಲದೆ ತೀರಿಸಿದ್ದು ಅದು. ಗೆರೆಯನ್ನು ಮುಟ್ಟದಿರುವುದೇ ನ್ಯಾಯ ಎನ್ನುವವರು ಮೊದಲು ಉತ್ತರ ಹೇಳಬೇಕಾದದ್ದು ಈ ಎರಡು ಎಂಬ ಅಂಕಿಗೆ.

ಇನ್ನು ಆಕ್ಷೇಪಣೆಗಳಿಗೆ ಬರೋಣ. ಅವುಗಳಲ್ಲಿ ಗಟ್ಟಿಯಾದದ್ದು ಮಲೆನಾಡಿನದು. 1956ರ ನವೆಂಬರ್ 1ಕ್ಕೆ ಮುಂಚೆ ಕೊಡಗು ತನ್ನದೇ ವಿಧಾನಸಭೆ ಇದ್ದ ಪ್ರತ್ಯೇಕ ರಾಜ್ಯ, ಆ ಸಭೆಯಲ್ಲಿ 24 ಸದಸ್ಯರಿದ್ದರು. ವಿಶಾಲ ಮೈಸೂರು ಸೇರಿದ ಮೇಲೆ ಕೊನೆಗೆ ಉಳಿದದ್ದು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂಬ ಮೂರು ಕ್ಷೇತ್ರ. 2008ರಲ್ಲಿ ಸೋಮವಾರಪೇಟೆಯೂ ಹೋಗಿ ಎರಡಾಯಿತು. ಜನಸಂಖ್ಯೆ ಕಡಿಮೆ ಎಂಬ ಒಂದೇ ಕಾರಣಕ್ಕೆ, 4,102 ಚದರ ಕಿಲೋಮೀಟರ್ ಬೆಟ್ಟ ಕಾಡು ತೋಟಗಳ ಜಿಲ್ಲೆಗೆ ಇಬ್ಬರು ಶಾಸಕರು. ಅದರ ಸುಮಾರು ಅರ್ಧ ವಿಸ್ತೀರ್ಣದ ಬೆಂಗಳೂರು ನಗರ ಜಿಲ್ಲೆಗೆ 28 ಮಂದಿ. ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದ ಊರಿಗೆ ಶಾಸಕರು ತಲುಪುವುದಕ್ಕೂ, ಜಯನಗರದ ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಹೋಗುವುದಕ್ಕೂ ಹೋಲಿಕೆಯೇ ಇಲ್ಲ. ಇದರ ಮೇಲೆ ಇನ್ನೊಂದು ಮಾತೂ ಬರುತ್ತದೆ: ಜನಸಂಖ್ಯೆ ಹತೋಟಿಯಲ್ಲಿಟ್ಟ ದಕ್ಷಿಣಕ್ಕೆ ಶಿಕ್ಷೆಯೇ ಎಂದು ದೆಹಲಿಯನ್ನು ಕೇಳುವ ಕರ್ನಾಟಕ, ಅದೇ ಶಿಕ್ಷೆಯನ್ನು ಚಿಕ್ಕಮಗಳೂರಿಗೂ ಕೊಡಗಿಗೂ ಕೊಡಬಹುದೇ?

ಪ್ರಶ್ನೆ ಮೊನಚಾಗಿದೆ. ಆದರೆ ರಾಜ್ಯಗಳ ನಡುವಿನ ಹಂಚಿಕೆಯೂ ರಾಜ್ಯದೊಳಗಿನ ಹಂಚಿಕೆಯೂ ಒಂದೇ ಅಲ್ಲ. ರಾಜ್ಯ ಎಂಬುದು ಒಕ್ಕೂಟದ ಪಾಲುದಾರ. ಅದಕ್ಕೆ ತನ್ನದೇ ಶಾಸನಸಭೆ, ತನ್ನದೇ ತೆರಿಗೆ, ತನ್ನ ಭಾಷೆಯ ಆಡಳಿತ ಇದೆ, ತೆರಿಗೆ ಹಂಚಿಕೆಯಲ್ಲಿ ಅದು ಇತರ ರಾಜ್ಯಗಳ ಜೊತೆ ಚೌಕಾಸಿಗೆ ಕೂರುತ್ತದೆ. ಅದರ ಸ್ಥಾನಬಲ ಕುಗ್ಗಿದರೆ ಆ ಒಪ್ಪಂದವೇ ಅಲುಗುತ್ತದೆ. ಜಿಲ್ಲೆ ಹಾಗಲ್ಲ, ಅದು ಸರ್ಕಾರಿ ಆದೇಶದ ಕೂಸು. ರಾಮನಗರ, ಚಿಕ್ಕಬಳ್ಳಾಪುರ 2007ರಲ್ಲಿ ಹುಟ್ಟಿದವು, ವಿಜಯನಗರ 2021ರಲ್ಲಿ. ಒಕ್ಕೂಟದ ವಾದವನ್ನು ಜಿಲ್ಲೆಗೆ ಹೊದಿಸಿದರೆ ಅಳತೆಗೆ ಕೂರುವುದಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ, ಬೆಂಗಳೂರು ಬೆಳೆದದ್ದು ಅಲ್ಲಿ ಹೆರಿಗೆ ಹೆಚ್ಚಿ ಅಲ್ಲ. ಕಾಫಿ ತೋಟದ ಕೂಲಿ ಸಾಲದೆ, ಅಡಕೆಗೆ ರೋಗ ಬಂದು, ಮಳೆ ಕೈಕೊಟ್ಟು, ಓದಿಗೂ ಕೆಲಸಕ್ಕೂ ಊರು ಬಿಟ್ಟ ಜನ ಅಲ್ಲಿ ಬಂದು ನಿಂತಿದ್ದಾರೆ. ಬೊಮ್ಮನಹಳ್ಳಿ, ದಾಸರಹಳ್ಳಿ, ಮಹದೇವಪುರಗಳ ಬಾಡಿಗೆ ಮನೆಗಳಲ್ಲಿ ಮಲೆನಾಡಿನವರೂ ಇದ್ದಾರೆ, ರಾಯಚೂರು, ಕಲಬುರಗಿಯವರೂ ಇದ್ದಾರೆ. ಊರಲ್ಲಿದ್ದಾಗ ಪೂರ್ತಿ ತೂಗುತ್ತಿದ್ದ ಅವರ ಮತ, ಬಸ್ಸು ಹತ್ತಿ ಬಂದ ಮಾತ್ರಕ್ಕೆ ಮುಕ್ಕಾಲಿಗಿಂತ ಕಡಿಮೆಯಾಗುವುದೇ? ಸ್ಥಾನ ಕೊಡುವುದು ಕಾಂಕ್ರೀಟಿಗಲ್ಲ, ಟೆಕ್ ಪಾರ್ಕುಗಳಿಗೂ ಅಲ್ಲ, ಅಲ್ಲಿ ದುಡಿಯುವ ಜನರಿಗೆ.

ದೂರದ, ದುರ್ಗಮ ಊರುಗಳ ಕಷ್ಟವನ್ನು ಹಾಗೆಂದು ಬದಿಗೆ ಸರಿಸಬಾರದು. ಅದಕ್ಕೆ ಕಾನೂನಿನಲ್ಲೇ ಸ್ವಲ್ಪ ಜಾಗ ಇದೆ. ಕ್ಷೇತ್ರ ಒತ್ತಾಗಿರಬೇಕು, ಭೂಮಿಯ ಏರುತಗ್ಗು, ಆಡಳಿತದ ಗಡಿ, ಸಂಚಾರ ಸೌಕರ್ಯ, ಜನರ ಅನುಕೂಲ ಇವನ್ನೆಲ್ಲ ನೋಡಬೇಕು ಎಂದು 2002ರ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಸರಾಸರಿಗಿಂತ ಶೇ 10ರಷ್ಟು ಹೆಚ್ಚು ಕಡಿಮೆಯಾದರೆ ಸರಿ ಎಂಬುದು ಆಯೋಗ ಇಟ್ಟುಕೊಂಡಿದ್ದ ಅಳತೆ. ಮಲೆನಾಡಿನ ಕ್ಷೇತ್ರಗಳನ್ನು ಆ ಹತ್ತರ ಕೆಳತುದಿಯಲ್ಲೂ, ನಗರದವನ್ನು ಮೇಲ್ತುದಿಯಲ್ಲೂ ಇಡುವುದಕ್ಕೆ ಯಾರ ಅಭ್ಯಂತರವೂ ಇರಬೇಕಿಲ್ಲ. ಸಭೆಯ ಒಟ್ಟು ಗಾತ್ರವನ್ನು ಹಿಗ್ಗಿಸುವ ದಾರಿಯೂ ಇದೆ. 1957ರಲ್ಲಿ 208 ಇದ್ದ ಸ್ಥಾನ 1967ಕ್ಕೆ 216, 1978ಕ್ಕೆ 224 ಆಯಿತು, ಅಲ್ಲಿಂದೀಚೆಗೆ ನಿಂತಲ್ಲೇ ನಿಂತಿದೆ. 2011ರ ಅಂಕಿಗಳನ್ನೇ ಹಿಡಿದು 224 ಸ್ಥಾನ ಹಂಚಿದರೆ ಬೆಂಗಳೂರು ನಗರಕ್ಕೆ 35 ಬರುತ್ತದೆ, ಚಿಕ್ಕಮಗಳೂರು ನಾಲ್ಕಕ್ಕಿಳಿಯುತ್ತದೆ. ಸಭೆಯನ್ನು 242ಕ್ಕೆ ಏರಿಸಿದರೆ ಚಿಕ್ಕಮಗಳೂರಿನ ಐದೂ ಉಳಿಯುತ್ತವೆ, ಬೆಂಗಳೂರು 38 ಆಗುತ್ತದೆ. ಇದರಿಂದ ಸಭೆಯೊಳಗಿನ ಬಲಾಬಲ ಅಷ್ಟೇನೂ ಬದಲಾಗದು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಶಾಸಕರು ಸುತ್ತಬೇಕಾದ ದೂರ ಹೆಚ್ಚುವುದು ತಪ್ಪುತ್ತದೆ. ಮಲೆನಾಡು ಕೇಳುತ್ತಿರುವುದರಲ್ಲಿ ನ್ಯಾಯವಾದ ಭಾಗ ಅದೇ.

ಆದರೆ ಗುಡ್ಡಗಾಡು ಎಂಬ ಕಾರಣಕ್ಕೆ ಅಳತೆ ಮೀರಿ ಸಡಿಲ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಮ್ಮು ಮತ್ತು ಕಾಶ್ಮೀರದ 2022ರ ಪುನರ್‌ವಿಂಗಡಣೆ ನಮ್ಮ ಕಣ್ಣ ಮುಂದಿದೆ. 2011ರ ಜನಗಣತಿಯಲ್ಲಿ ಕಾಶ್ಮೀರ ಭಾಗದ ಜನಸಂಖ್ಯೆ ಜಮ್ಮುವಿಗಿಂತ ಹೆಚ್ಚು. ಆದರೂ ಹೊಸದಾಗಿ ಬಂದ ಏಳು ಸ್ಥಾನಗಳಲ್ಲಿ ಆರು ಜಮ್ಮುವಿಗೆ, ಒಂದು ಕಾಶ್ಮೀರಕ್ಕೆ ಹೋಯಿತು. ಭೂಗೋಳದ ಕಾರಣ ಕೊಡುವುದು ಸುಲಭ, ಅದನ್ನು ಒರೆಗೆ ಹಚ್ಚುವುದು ಕಷ್ಟ. ಅಳತೆಗೋಲು ಇಲ್ಲದ ಕಡೆ ಪೆನ್ಸಿಲ್ ಹಿಡಿದವರ ಇಚ್ಛೆಯೇ ಅಳತೆಗೋಲಾಗುತ್ತದೆ. ಆದ್ದರಿಂದ ಜನಸಂಖ್ಯೆಯೇ ಬುನಾದಿಯಾಗಿರಲಿ, ವಿನಾಯಿತಿಗೆ ಮಿತಿ ಇರಲಿ, ಆ ಮಿತಿ ಎಲ್ಲರಿಗೂ ಮೊದಲೇ ಗೊತ್ತಿರಲಿ.

ಎರಡನೆಯ ಆಕ್ಷೇಪಣೆ: ಪದೇ ಪದೇ ಗೆರೆ ಬದಲಾದರೆ ಜನಕ್ಕೂ ಶಾಸಕರಿಗೂ ಇರುವ ನಂಟು ಕಡಿಯುತ್ತದೆ. ನಿಜ, ಕಡಿಯುತ್ತದೆ. ಶಿವಮೊಗ್ಗ ಜಿಲ್ಲೆಯ ಹೊಸನಗರವನ್ನೇ ನೋಡಿ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ ಗದ್ದೆ, ತೋಟ, ಊರುಗಳನ್ನು ನೀರಿಗೆ ಬಿಟ್ಟುಕೊಟ್ಟ ತಾಲ್ಲೂಕುಗಳಲ್ಲಿ ಅದೂ ಒಂದು. ಹಿನ್ನೀರು ಊರಿನಿಂದ ಊರನ್ನು ಬೇರೆ ಮಾಡಿದ ಮೇಲೆ ಉಳಿದ ತಾಲ್ಲೂಕನ್ನು 2008ರ ಗೆರೆ ಇನ್ನೊಮ್ಮೆ ಸೀಳಿತು. ಹೊಸನಗರ ಕ್ಷೇತ್ರ ರದ್ದಾಗಿ, ತಾಲ್ಲೂಕಿನ ಒಂದು ಭಾಗ ಸಾಗರಕ್ಕೆ, ಇನ್ನೊಂದು ಭಾಗ ತೀರ್ಥಹಳ್ಳಿಗೆ ಸೇರಿತು. ತಾಲ್ಲೂಕು ಕಚೇರಿ ಒಂದೇ, ಶಾಸಕರು ಇಬ್ಬರು, ಇಬ್ಬರ ಕ್ಷೇತ್ರಗಳ ಹೆಸರೂ ಬೇರೆ ಊರಿನದು. ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಇನ್ನೂ ಬಗೆಹರಿಯದ ನೆಲದಲ್ಲಿ ಇದು ಸಣ್ಣ ನಷ್ಟವಲ್ಲ. ನಾಯಕರಿಗೆ ಇಂಥ ನಷ್ಟ ತಟ್ಟುವುದು ಕಡಿಮೆ. ಗುರುಮಿಠಕಲ್‌ನಿಂದ ಎಂಟು ಬಾರಿ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆ ಅವರು ಆ ಮೀಸಲು ಕ್ಷೇತ್ರ ಸಾಮಾನ್ಯವಾದಾಗ ಚಿತ್ತಾಪುರಕ್ಕೆ ಹೋಗಿ ಗೆದ್ದರು. ಹೊಸದಾಗಿ ಹುಟ್ಟಿದ ವರುಣಾ ಸಿದ್ದರಾಮಯ್ಯ ಅವರ ಕೈಹಿಡಿಯಿತು. ವೇಮಗಲ್ ರದ್ದಾದಾಗ ಕೃಷ್ಣ ಬೈರೇಗೌಡರು ಬ್ಯಾಟರಾಯನಪುರಕ್ಕೆ ಬಂದರು. ನಾಯಕರು ಗೆರೆಯ ಹಿಂದೆ ನಡೆದುಹೋಗಬಲ್ಲರು, ಹೊಸನಗರದ ಮತದಾರರು ಎಲ್ಲಿಗೆ ಹೋಗಬೇಕು?

ಆದರೆ ಈ ನೋವಿಗೆ ಕಾರಣ ಗೆರೆ ಬದಲಾದದ್ದಲ್ಲ, ಮೂವತ್ತು ವರ್ಷಗಳ ಬದಲಾವಣೆ ಒಂದೇ ಏಟಿಗೆ ಬಂದದ್ದು. 1971ರ ಅಂಕಿಯಿಂದ 2001ರ ಅಂಕಿಗೆ ಒಮ್ಮೆಗೇ ನೆಗೆದಾಗ ಬಿನ್ನಿಪೇಟೆ, ಜಯಮಹಲ್, ಭಾರತಿನಗರ, ಉತ್ತರಹಳ್ಳಿ, ಬೀರೂರು, ಬ್ರಹ್ಮಾವರ, ವಿಟ್ಲ ಹೀಗೆ ಪಟ್ಟಿಯೇ ಅಳಿಸಿಹೋಯಿತು. ಹತ್ತು ವರ್ಷಕ್ಕೊಮ್ಮೆ ಒಂದು ಹೋಬಳಿ ಅತ್ತ, ಎರಡು ಪಂಚಾಯಿತಿ ಇತ್ತ ಸರಿದಿದ್ದರೆ ಇಡೀ ತಾಲ್ಲೂಕನ್ನು ಸೀಳುವ ಪ್ರಮೇಯ ಎಷ್ಟೋ ಕಡೆ ಬರುತ್ತಿರಲಿಲ್ಲ. ಈಗ ಮತ್ತೆ ಅದೇ ಸ್ಥಿತಿಗೆ ಬಂದು ನಿಂತಿದ್ದೇವೆ. 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ಕಾಯಿರಿ ಎಂದಿತು. ಮುಂದಿನ ಜನಗಣತಿಗೆ ಕೇಂದ್ರ ಗೊತ್ತುಮಾಡಿದ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಅಂದರೆ ಇನ್ನೊಂದು ಕಾಲು ಶತಮಾನದ ಬಾಕಿ ಒಟ್ಟಿಗೇ ತೀರಬೇಕು. 2023ರ 106ನೇ ತಿದ್ದುಪಡಿ ಮಹಿಳಾ ಮೀಸಲಾತಿಯನ್ನೂ ಪುನರ್‌ವಿಂಗಡಣೆಗೇ ಗಂಟು ಹಾಕಿತು. 224ರಲ್ಲಿ ಮೂರನೇ ಒಂದು ಎಂದರೆ ಸುಮಾರು 75 ಸ್ಥಾನ, 2023ರಲ್ಲಿ ಗೆದ್ದ ಮಹಿಳೆಯರು ಹತ್ತೇ ಮಂದಿ. ಆ ಮೀಸಲು ಕ್ಷೇತ್ರಗಳು ಸರದಿಯಂತೆ ಬದಲಾಗುವುದೂ ಒಂದೊಂದು ಪುನರ್‌ವಿಂಗಡಣೆಯ ನಂತರವೇ. ಗೆರೆ ಮತ್ತೆ ಹೆಪ್ಪುಗಟ್ಟಿದರೆ ಆ ಸರದಿಯೂ ಹೆಪ್ಪುಗಟ್ಟುತ್ತದೆ.

ಮೂರನೆಯ ಆಕ್ಷೇಪಣೆ ರಾಜಕೀಯದ್ದು: ಪದೇ ಪದೇ ಗೆರೆ ಎಳೆಯಲು ಬಿಟ್ಟರೆ ಆಳುವವರು ತಮಗೆ ಬೇಕಾದಂತೆ ಎಳೆಯುತ್ತಾರೆ. ಈ ಭಯಕ್ಕೆ ಪುರಾವೆ ಹುಡುಕಿ ದೂರ ಹೋಗಬೇಕಿಲ್ಲ. ಬಿಬಿಎಂಪಿಯಲ್ಲಿ 198 ವಾರ್ಡುಗಳಿದ್ದವು. 2022ರಲ್ಲಿ ಬಿಜೆಪಿ ಸರ್ಕಾರ 243 ಮಾಡಿತು, 2023ರಲ್ಲಿ ಕಾಂಗ್ರೆಸ್ ಸರ್ಕಾರ 225 ಮಾಡಿತು, ಆಮೇಲೆ ಪಾಲಿಕೆಯೇ ಐದಾಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಈ ಎಳೆದಾಟದಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಪಾಲಿಕೆಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಕಥೆಯೂ ಅದೇ. ಆದರೆ ಇದರಿಂದ ಕಲಿಯಬೇಕಾದ ಪಾಠ ಗೆರೆಯನ್ನು ಮುಟ್ಟಬಾರದು ಎಂಬುದಲ್ಲ, ಗೆಲ್ಲುವ ಸೋಲುವ ಲೆಕ್ಕ ಇರುವವರ ಕೈಗೆ ಪೆನ್ಸಿಲ್ ಕೊಡಬಾರದು ಎಂಬುದು. ವಿಧಾನಸಭಾ ಕ್ಷೇತ್ರಗಳ ಮಟ್ಟಿಗೆ ಆ ಎಚ್ಚರ ಇದೆ: ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ, ಚುನಾವಣಾ ಆಯುಕ್ತರು, ರಾಜ್ಯ ಚುನಾವಣಾ ಆಯುಕ್ತರು ಇರುವ ಆಯೋಗ. ಜೊತೆಗೆ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರು, ಅವರಿಗೆ ಮತ ಹಾಕುವ ಅಧಿಕಾರವಿಲ್ಲ.

ಆಯೋಗ ಸ್ವತಂತ್ರವಾಗಿದ್ದರೆ ಸಾಲದು, ಅದು ಕಾರಣವನ್ನೂ ಹೇಳಬೇಕು. ಈಗಿನ ಆದೇಶ ನಿಪ್ಪಾಣಿಯಿಂದ ಶುರುವಾಗಿ ಗುಂಡ್ಲುಪೇಟೆಯಲ್ಲಿ ಮುಗಿಯುವ ಒಂದು ಉದ್ದನೆಯ ಪಟ್ಟಿ. ಇಂಥ ತಾಲ್ಲೂಕು, ಇಂಥ ಹೋಬಳಿ, ಇಂಥ ವಾರ್ಡು ಎಂದಿರುತ್ತದೆ, ಏಕೆ ಎಂದಿರುವುದಿಲ್ಲ. ಬೆಂಗಳೂರು ದಕ್ಷಿಣ ಎಂಬ ವಿಧಾನಸಭಾ ಕ್ಷೇತ್ರ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿಲ್ಲ, ಕನಕಪುರ, ಕುಣಿಗಲ್ ಜೊತೆ ಬೆಂಗಳೂರು ಗ್ರಾಮಾಂತರದಲ್ಲಿದೆ. ಯಲಹಂಕದವರು ಲೋಕಸಭೆಗೆ ಮತ ಹಾಕುವುದು ಚಿಕ್ಕಬಳ್ಳಾಪುರಕ್ಕೆ. ಇದಕ್ಕೆ ಒಳ್ಳೆಯ ಕಾರಣಗಳೇ ಇರಬಹುದು, ಅವನ್ನು ಆದೇಶದಲ್ಲೇ ಓದುವ ಹಕ್ಕು ಮತದಾರರಿಗೆ ಬೇಡವೇ? ಆಯೋಗದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು 1966ರ ಮೇಘರಾಜ್ ಕೊಠಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕಣ್ಣಿಗೆ ರಾಚುವಷ್ಟು ಮನಸೋಇಚ್ಛೆಯಾಗಿದ್ದರೆ ಪರಿಶೀಲಿಸಬಹುದು ಎಂದು 2024ರಲ್ಲಿ ಅದೇ ನ್ಯಾಯಾಲಯ ಬಾಗಿಲನ್ನು ತುಸು ತೆರೆದಿದೆ. ಆದರೆ ಕಾರಣವನ್ನೇ ಬರೆಯದ ಆದೇಶ ಮನಸೋಇಚ್ಛೆಯೋ ಅಲ್ಲವೋ ಎಂದು ತೂಗುವುದು ಹೇಗೆ? ತಾಲ್ಲೂಕನ್ನು ಸೀಳಿದ ಕಡೆಯಲ್ಲೆಲ್ಲ ಒಂದು ಪುಟದ ವಿವರಣೆ, ಹಳ್ಳಿ ಹಳ್ಳಿಯ ಜನಸಂಖ್ಯೆಯೊಡನೆ ಕನ್ನಡದಲ್ಲಿ ನಕಾಶೆ, ಸೀಳಲಿರುವ ತಾಲ್ಲೂಕಿನಲ್ಲೇ ಅಹವಾಲು ಸಭೆ ಇಷ್ಟನ್ನು ಕಾಯ್ದೆಯಲ್ಲೇ ಬರೆಯಬೇಕು.

ಹಾಗೆ ಬರೆಸುವ ಹೊಣೆ ಮೊದಲು ಇರುವುದು ಶಾಸಕರ ಮೇಲೆ, ಆಮೇಲೆ ನಮ್ಮೆಲ್ಲರ ಮೇಲೆ. ಕರಡು ರಾಜ್ಯಪತ್ರದಲ್ಲಿ ಬಂದಾಗ ಆಕ್ಷೇಪಣೆಗೆ ಸಿಗುವುದು ಕೆಲವೇ ವಾರ. ಅಂತಿಮ ಆದೇಶ ಬಂದ ಮೇಲೆ ಎಬ್ಬಿಸುವ ಕೂಗು ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ದೆಹಲಿಯಲ್ಲಿ ನಮ್ಮ ಪಾಲಿನ ನ್ಯಾಯ ಕೇಳುವಾಗ ನಮ್ಮ ಮಾತಿಗೆ ತೂಕ ಬರಬೇಕಾದರೆ, ಅದೇ ನ್ಯಾಯವನ್ನು ಮಹದೇವಪುರಕ್ಕೂ ಹೊಸನಗರಕ್ಕೂ ನಾವೇ ಅಳೆದು ಕೊಟ್ಟಿರಬೇಕು. ಸಂತೇಮರಹಳ್ಳಿ ಒಂದು ಮತದ ಬೆಲೆಯನ್ನು ತೋರಿಸಿಕೊಟ್ಟಿತು. ಆ ಬೆಲೆ ರಾಜ್ಯದ ಎಲ್ಲ ಮತಗಟ್ಟೆಗಳಲ್ಲೂ ಒಂದೇ ಆಗಿದೆಯೇ ಎಂದು ಹತ್ತು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ.